ಬೈಪಾಸ್ ಆದ ಮೇಲೆ ರಿಪೋರ್ಟ್ ನೋಡಿ ಬೆಚ್ಚಬೇಡಿ

ಪುತ್ತೂರು, ಸುಳ್ಯ, ಕಡಬದ ಕಡೆಯವರು ಹೃದಯದ ಆಪರೇಷನ್ ಅಂದರೆ ಹೆಚ್ಚಾಗಿ ಮಂಗಳೂರಿಗೇ ಓಡುವುದು. ಯಜಮಾನರನ್ನೋ ಮಾವನವರನ್ನೋ ಮನೆಗೆ ಕರೆತರುವಾಗ ಕೈಯಲ್ಲೊಂದು ದಪ್ಪ ಫೈಲು. ಅದನ್ನು ಬಿಡಿಸಿ ನೋಡುವವರು ನಾವೇ ತಾನೆ? 'ಸಿಆರ್‌ಪಿ', 'ಟ್ರೋಪೋನಿನ್' ಎಂಬ ಹೆಸರುಗಳ ಮುಂದೆ ದೊಡ್ಡ ದೊಡ್ಡ ಅಂಕಿ ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಅವುಗಳ ಅರ್ಥ ತಿಳಿದರೆ ಅರ್ಧ ಭಯ ಹೋಗುತ್ತದೆ.

ಸಿಆರ್‌ಪಿ ಉರಿಯೂತದ ಸೂಚಕ. ದೇಹಕ್ಕೆ ಪೆಟ್ಟಾದಾಗ, ಸೋಂಕು ತಗುಲಿದಾಗ ಯಕೃತ್ತು ಇದನ್ನು ತಯಾರಿಸುತ್ತದೆ. ಎದೆಮೂಳೆ ಸೀಳುವ ಆಪರೇಷನ್ ದೇಹದ ಪಾಲಿಗೆ ದೊಡ್ಡ ಪೆಟ್ಟೇ. ಹಾರ್ಟ್-ಲಂಗ್ ಮೆಷಿನ್ನಿನ ಕೊಳವೆಗಳಲ್ಲಿ ರಕ್ತ ಹರಿದು ಬಂದರೆ ಉರಿಯೂತ ಇನ್ನಷ್ಟು. ಸಾಮಾನ್ಯವಾಗಿ ಲೀಟರಿಗೆ 10 ಮಿಲಿಗ್ರಾಂ ಒಳಗಿರುವ ಸಿಆರ್‌ಪಿ ಎರಡು-ಮೂರನೇ ದಿನ 100 ದಾಟುವುದೂ ಉಂಟು. ಆಮೇಲೆ ಇಳಿಯುತ್ತಾ ಬರಬೇಕು. ಇಳಿದದ್ದು ಮತ್ತೆ ಏರಿದರೆ ಸೋಂಕು ಇದೆಯೇ ಎಂದು ವೈದ್ಯರು ಹುಡುಕುತ್ತಾರೆ.

ಟ್ರೋಪೋನಿನ್ ಹೃದಯದ ಸ್ನಾಯುವಿನೊಳಗಿನ ಪ್ರೋಟೀನು. ಸ್ನಾಯುವಿಗೆ ನೋವಾದರೆ ರಕ್ತಕ್ಕೆ ಸೋರುತ್ತದೆ. ಹೃದಯವನ್ನೇ ಮುಟ್ಟಿ ಹೊಲಿಗೆ ಹಾಕುವಾಗ ಸ್ವಲ್ಪ ನೋವಾಗದೆ ಇದ್ದೀತೇ? 12 ದೇಶಗಳ ಹದಿಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೈಪಾಸ್ ಆದ ಮೊದಲ ದಿನ ಸಾವಿನ ಅಪಾಯ ಹೆಚ್ಚೆಂದು ತೋರಿಸಿದ ಮಟ್ಟ ಮಾಮೂಲಿ ಮಿತಿಯ 200 ಪಟ್ಟಿಗೂ ಮೇಲಿತ್ತು. ಹಾಗಾಗಿ ವೈದ್ಯರು ಅಂಕಿಯೊಂದನ್ನೇ ನಂಬದೆ ಇಸಿಜಿ, ಎಕೋ ಕೂಡ ನೋಡುತ್ತಾರೆ.

ಅಂಕಿಗೆ ಹೆದರಬೇಡಿ ಸರಿ, ಆದರೆ ದೇಹ ಹೇಳುವುದನ್ನು ಅಲಕ್ಷಿಸಲೂ ಬೇಡಿ. 'ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗುವಾ' ಎಂದು ಕಾಯುವುದರಲ್ಲೇ ಅಪಾಯ ಇರುವುದು. ಪುತ್ತೂರಿನಿಂದಲೇ ಮಂಗಳೂರಿಗೆ 50 ಕಿ.ಮೀ. ದಾಟುತ್ತದೆ, ಸುಳ್ಯ, ಕಡಬ ಇನ್ನೂ ದೂರ!

ಇವಿಷ್ಟು ನೆನಪಿರಲಿ:

* ಎದೆನೋವು, ಏದುಸಿರು, ತಲೆಸುತ್ತಿ ಬೀಳುವುದು - ತಡಮಾಡದೆ 108ಕ್ಕೆ ಫೋನ್ ಮಾಡಿ. ಲ್ಯಾಬ್ ರಿಪೋರ್ಟಿಗೆ ಕಾಯಬೇಡಿ.
* ಜ್ವರ, ಗಾಯದಲ್ಲಿ ಕೀವು, ಕೆಂಪು, ಎದೆಮೂಳೆ ಕಟಕಟ ಅನ್ನುವುದು - ಅಂದೇ ಆಪರೇಷನ್ ಮಾಡಿದ ಆಸ್ಪತ್ರೆಗೆ ತಿಳಿಸಿ.
* ನೀವಾಗಿಯೇ ಪದೇ ಪದೇ ಟೆಸ್ಟ್ ಮಾಡಿಸಬೇಡಿ. ಮಾಡಿಸಿದ್ದರೆ ತಾರೀಕಿನ ಕ್ರಮದಲ್ಲಿ ಫೈಲಿನಲ್ಲಿಡಿ.
* ಸಿಆರ್‌ಪಿ ಇಳಿಸಲೆಂದು ಯಾರೋ ಹೇಳಿದ ಕಷಾಯ ಕೊಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯ ಜತೆ ಅದು ಹೊಂದದಿರಬಹುದು.
* ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ. ಗಾಯ ಬೇಗ ಒಣಗುತ್ತದೆ.

ಆಪರೇಷನ್ ಆದದ್ದು ನಿಮಗೇ ಆದರೆ, ಎದೆಮೂಳೆ ಕೂಡುವವರೆಗೆ, ಅಂದರೆ ಎರಡು-ಮೂರು ತಿಂಗಳು, ಬಾವಿಯಿಂದ ನೀರು ಸೇದುವುದು, ಹುಲ್ಲಿನ ಹೊರೆ ಹೊರುವುದು ಬೇಡವೇ ಬೇಡ. ಮನೆಮಂದಿ ಮಾಡಲಿ ಬಿಡಿ!