ಏಲಂ ಕೂಗಿ ಎಬ್ಬಿಸಿದ ಸಮುದಾಯ ಭವನ

ಕುಂಬಳಕಾಯಿಯನ್ನು ಮೊದಲು ಹಿಡಿದವರು ಐನೂರು ರೂಪಾಯಿ ಎಣಿಸಿಕೊಟ್ಟು, ಕಾಯಿಯನ್ನು ಮನೆಗೆ ಒಯ್ಯದೆ ಮತ್ತೆ ಮೇಜಿನ ಮೇಲಿಟ್ಟರು. “ಇನ್ನೊಮ್ಮೆ ಕೂಗಿ ಮಾಮ” ಎಂದರು. ಎಂಟುನೂರಕ್ಕೆ ಹಿಡಿದ ಎರಡನೆಯವರೂ ಹಾಗೇ ಮಾಡಿದರು. ಒಂದೇ ಕಾಯಿ ನಾಲ್ಕು ಸಲ ಏಲಂ ಆಗಿ, ಕೊನೆಗೆ ಹಬ್ಬಕ್ಕೆಂದು ನೆಂಟರ ಮನೆಗೆ ಬಂದಿದ್ದ ಹುಡುಗನೊಬ್ಬನ ಬೈಕು ಹತ್ತಿತು. ಉಡುಪಿ, ಮಂಗಳೂರುಗಳ ನಡುವಿನ ಒಂದು ಸಣ್ಣ ಸಿಎಸ್‌ಐ ಕ್ರೈಸ್ತ ಸಭೆ ತನ್ನ ಸಮುದಾಯ ಭವನವನ್ನು ಕಟ್ಟುತ್ತಿರುವುದು ಹೀಗೆ.

ಮಳೆಗಾಲದ ಏಣೆಲು ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಕರಾವಳಿಯ ಸಿಎಸ್‌ಐ ದೇವಾಲಯಗಳಲ್ಲಿ ಬೆಳೆ ಹಬ್ಬ ಬರುತ್ತದೆ. ಮನೆಯವರು ಬೆಳೆದದ್ದು, ಸಾಕಿದ್ದು, ಮಾಡಿದ್ದು ಎಲ್ಲವೂ ಅಂದು ಆರಾಧನೆಯ ಮುಂದೆ ಬರುತ್ತವೆ: ತೆಂಗಿನಕಾಯಿ, ಬಾಳೆಗೊನೆ, ಬಸಳೆ, ಮೊಟ್ಟೆ, ಕಾಲು ಕಟ್ಟಿದ ಊರ ಕೋಳಿ, ಡಬ್ಬದಲ್ಲಿ ಉಪ್ಪಿನಕಾಯಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಈ ಸಭೆಯಲ್ಲಿ ಅದನ್ನು ಕೂಗುವವರು ಎಪ್ಪತ್ತು ದಾಟಿದ, ಹಂಚಿನ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಊರಿಗೆಲ್ಲ ಅವರು ಏಲಂ ಮಾಮ. ಭವನದ ಬಗ್ಗೆ ಬರೆಯಲು ಹೋದ ನಾನು ಹೆಚ್ಚು ಹೊತ್ತು ಕಳೆದದ್ದು ಅವರ ಜೊತೆಗೇ.

ಅವರು ಮೈಕು ಹಿಡಿಯುವುದಿಲ್ಲ. “ಮೈಕಿನಲ್ಲಿ ಕೂಗಿದರೆ ಜನ ಲೌಡ್‌ಸ್ಪೀಕರ್ ಕಡೆ ನೋಡ್ತಾರೆ, ನನ್ನ ಮುಖ ನೋಡುವುದಿಲ್ಲ” ಎನ್ನುತ್ತಾರೆ. ಮುಖ ನೋಡಬೇಕಾದದ್ದು ಅವರಿಗೂ ಮುಖ್ಯ. ಈ ವರ್ಷ ಯಾರ ಮನೆಯಲ್ಲಿ ಆಸ್ಪತ್ರೆ ಖರ್ಚಾಗಿದೆ, ಯಾರು ಮಗಳ ಕಾಲೇಜು ಫೀಸಿಗೆ ಸೊಸೈಟಿಯಲ್ಲಿ ಸಾಲ ಎತ್ತಿದ್ದಾರೆ, ಯಾರ ಮಗನಿಗೆ ದುಬೈಯಲ್ಲಿ ಕೆಲಸ ಹೋಗಿದೆ, ಎಲ್ಲವೂ ಅವರಿಗೆ ಗೊತ್ತು. ಅಂಥವರ ಕಡೆ ಅವರ ಕಣ್ಣು ಹೊರಳುವುದೇ ಇಲ್ಲ. ಹುಮ್ಮಸ್ಸಿನಲ್ಲಿ ಅವರೇ ಕೈ ಎತ್ತಿದರೂ, ಅದು ಕಾಣಲಿಲ್ಲವೆಂಬಂತೆ ಇನ್ನೊಬ್ಬರ ಬೆಲೆಗೆ “ಒಂದು ಸಾರಿ, ಎರಡು ಸಾರಿ” ಶುರುಮಾಡಿಬಿಡುತ್ತಾರೆ.

ಸಾಮಾನು ಎತ್ತಿಕೊಳ್ಳುವ ಸರತಿಯಲ್ಲೂ ಅವರದ್ದೊಂದು ಲೆಕ್ಕವಿದೆ. ದೊಡ್ಡ ಗೊನೆ, ದೊಡ್ಡ ಹುಂಜ ಮೊದಲಿಗೆ ಬರುವುದಿಲ್ಲ. ಸೊಪ್ಪು, ನಿಂಬೆಹಣ್ಣಿನಿಂದ ಶುರುಮಾಡಿ ಮಕ್ಕಳ ಕೈಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಕೂಗಿಸುತ್ತಾರೆ. ಜನ ಬಿಸಿಯಾಗುವವರೆಗೆ ಕಾಯ್ದು, ಆಗ ಒಬ್ಬಂಟಿ ಮುದುಕಿಯೊಬ್ಬರು ತಂದ ನುಗ್ಗೆಕಾಯಿ ಕಟ್ಟನ್ನು ಮೇಲೆತ್ತುತ್ತಾರೆ. ನಾನು ನೋಡಿದ ದಿನ ಆ ಕಟ್ಟು ಹುಂಜಕ್ಕಿಂತ ಹೆಚ್ಚಿಗೆ ಹೋಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಆಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

ಎಲ್ಲವೂ ಏಲಂ ಪುಸ್ತಕಕ್ಕೆ ಏರುತ್ತದೆ. ಉದ್ದನೆಯ ರಟ್ಟಿನ ಪುಸ್ತಕ, ನಾಲ್ಕು ಕಾಲಂ: ತಂದವರು, ವಸ್ತು, ಹಿಡಿದವರು, ಮೊತ್ತ. ಕುಂಬಳಕಾಯಿಯ ಹೆಸರು ಅದರಲ್ಲಿ ನಾಲ್ಕು ಸಲ ಬಂದಿದೆ. ನಾಲ್ಕು ಸಲವೂ ತಂದವರ ಹೆಸರು ಒಂದೇ. ಭವನದ ಗೋಡೆಯಲ್ಲಿ ಲಕ್ಷ ಕೊಟ್ಟವರಿಗೆ ಮೇಲಿನ ಸಾಲು, ಸಾವಿರ ಕೊಟ್ಟವರಿಗೆ ಕೆಳಗಿನ ಸಾಲು ಎಂದು ಗ್ರಾನೈಟ್ ಫಲಕ ಹಾಕೋಣವೆಂದು ಸಮಿತಿಯಲ್ಲಿ ಮಾತು ಬಂದಾಗ ಮಾಮ ಈ ಪುಸ್ತಕವನ್ನೇ ಎದುರಿಗಿಟ್ಟರಂತೆ. “ಫಲಕದಲ್ಲಿ ದುಡ್ಡು ಕೊಟ್ಟವನ ಹೆಸರು ಮಾತ್ರ ಬೀಳ್ತದೆ. ಇದರಲ್ಲಿ ತೊಂಡೆಕಾಯಿ ತಂದವಳ ಹೆಸರೂ ಉಂಟು.” ಫಲಕದ ಮಾತು ಅಲ್ಲಿಗೆ ನಿಂತಿದೆ. ನಿಂತೇ ಇರಲಿ ಎಂದು ನನ್ನ ಆಸೆ.

ಇಲ್ಲಿಯ ಸಭೆಗಳ ಹಿಂದಿನ ಕಥೆಯನ್ನು ಹೇಳಿದವರೂ ಮಾಮನೇ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಅಚ್ಚುಕೂಟ, 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ, ನೇಯ್ಗೆಯ ಮಗ್ಗಗಳು, 1865ರಲ್ಲಿ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆ. ಮತಾಂತರವಾಗಿ ಕುಲಕಸುಬು, ಗೇಣಿ ಎರಡೂ ತಪ್ಪಿದವರಿಗೆ ಕೂಲಿ ಸಿಕ್ಕಿದ್ದು ಇವುಗಳಲ್ಲಿ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರಕಾರ ಜರ್ಮನ್ ಪಾದ್ರಿಗಳನ್ನು ಹಿಡಿದಿಟ್ಟಿತು, ಕಾರ್ಖಾನೆಗಳು ಮಿಷನ್ ಕೈಬಿಟ್ಟು ಹೋದವು. “ಸಭೆಯವರು ತಮ್ಮ ಕಾಲ ಮೇಲೆ ನಿಲ್ಲಲು ಕಲಿತದ್ದು ಆಮೇಲೆಯೇ” ಎಂಬುದು ಮಾಮನ ಅಜ್ಜ ಹೇಳುತ್ತಿದ್ದ ಮಾತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಸ್ಥಾಪನೆಯಾಯಿತು. ಇಲ್ಲಿಯ ಸಭೆಗಳು ಇಂದು ಅದರಲ್ಲಿವೆ.

ಭವನ ಬೇಕೆಂಬ ಮಾತು ಹುಟ್ಟಿದ್ದು ಭಾನುವಾರ ಶಾಲೆಯ ಹಳೆಯ ಕಟ್ಟಡ ಸೋರಲು ಶುರುವಾದಾಗ. ಮದುವೆಗೆ ಹೊರಗಿನ ಹಾಲ್ ಹಿಡಿದರೆ ಬಡವರ ಮನೆಯ ಅರ್ಧ ಖರ್ಚು ಬಾಡಿಗೆಗೇ ಹೋಗುತ್ತದೆ. ಮಳೆಗಾಲದಲ್ಲಿ ಸಾವಾದರೆ ಬಂದವರನ್ನು ಕೂರಿಸಲು ಜಾಗವಿಲ್ಲ. ನಕ್ಷೆಯೇನೋ ಬೇಗ ಬಂತು. ಆದರೆ ಅದನ್ನು ನೋಡಿದ ಸ್ತ್ರೀ ಸಂಘದವರು ತಲೆಯಾಡಿಸಿದರು. ಅಡುಗೆಮನೆಯನ್ನು ಮೂಲೆಗೆ ಒತ್ತಿ ಒಂದೇ ಬಾಗಿಲಿಟ್ಟಿದ್ದರು. ಇನ್ನೂರು ಜನರಿಗೆ ಕುಚ್ಚಲಕ್ಕಿ ಬೇಯಿಸಿದರೆ ಗಂಜಿ ಬಸಿಯುವುದು ಎಲ್ಲಿ? ಕುದಿಯುವ ಹಂಡೆಯನ್ನು ಊಟಕ್ಕೆ ಕೂತವರ ನಡುವೆ ಹೊತ್ತು ತರುವುದೇ? ಅವರು ಹಳೆಯ ಕಟ್ಟಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಲೆಯ ಸಾಲು, ಹಂಡೆ ಬಗ್ಗಿಸುವ ಕಟ್ಟೆ, ಗಂಜಿ ಹರಿಯುವ ಚರಂಡಿ, ತೋಟದ ಕಡೆಗೊಂದು ಹಿಂಬಾಗಿಲು ಬರೆದು, ಇಂಜಿನಿಯರನ್ನು ಅದರೊಳಗೆ ನಡೆಸಿ ತೋರಿಸಿದರು. ನಕ್ಷೆ ಬದಲಾಯಿತು. ನನಗೆ ಆ ಕಟ್ಟಡದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಆ ಅಡುಗೆಮನೆಯೇ.

ಕಾಗದಪತ್ರದ ಕೆಲಸ ದೊಡ್ಡದು. ಜಾಗ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುವುದರಿಂದ ಸಭಾಪ್ರಾಂತ್ಯದ (ಡಯಾಸಿಸ್‌ನ) ಒಪ್ಪಿಗೆಯಿಲ್ಲದೆ ಕಲ್ಲು ಕದಲಿಸುವಂತಿಲ್ಲ. ಆಮೇಲೆ ಪಂಚಾಯತಿಯ ಲೈಸೆನ್ಸು. ಲೆಕ್ಕ ನೋಡಿಕೊಳ್ಳುವ ಖಜಾಂಚಿಯ ಫೋನಿಗೆ ಗಲ್ಫಿನಿಂದ, ಕೆನಡಾದಿಂದ ಕರೆ ಬರುತ್ತಲೇ ಇರುತ್ತದೆ. ಖಜಾಂಚಿ ಕೇಳುವ ಮೊದಲ ಪ್ರಶ್ನೆ: “ಮಾರಾಯ, ನಿನ್ನ ಪಾಸ್‌ಪೋರ್ಟ್ ಈಗ ಯಾವ ದೇಶದ್ದು?” ಭಾರತದ ಪಾಸ್‌ಪೋರ್ಟೇ ಇದ್ದು, ಸ್ವಂತ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದಾದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆಯೇ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು. 2020ರ ತಿದ್ದುಪಡಿಯ ನಂತರ ಅದು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸಣ್ಣ ಸಭೆಗೆ ಅಂಥ ಖಾತೆಯಿಲ್ಲ. ಊರಲ್ಲೇ ಹುಟ್ಟಿ ಬೆಳೆದವರ ಹಣಕ್ಕೂ ಕೈಮುಗಿದು ಬೇಡವೆನ್ನಬೇಕಾಗಿದೆ.

ಪಾಯ, ಕಂಬ, ಸೆಂಟ್ರಿಂಗ್ ಮೇಸ್ತ್ರಿಗಳ ಕೈಯಲ್ಲಿ ಆದವು. ಉಳಿದದ್ದಕ್ಕೆ ಶ್ರಮದಾನ. ಹಳೆಯ ಕಟ್ಟಡದ ಹಂಚುಗಳನ್ನು ಯುವಜನರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಇಳಿಸಿದರು. ಹಳೆ ಹಂಚಿಗೂ ಈಗ ಒಳ್ಳೆಯ ಬೆಲೆಯಿದೆ, ಒಡೆಯದೆ ಇಳಿಸಬೇಕು ಅಷ್ಟೆ. ಮುರಕಲ್ಲು ಹೊತ್ತವರಲ್ಲಿ ಪಕ್ಕದ ಮನೆಯ ಹಿಂದೂ, ಮುಸ್ಲಿಂ ಹುಡುಗರೂ ಇದ್ದರು. ಮಳೆ ಹಿಡಿಯುವ ಮೊದಲು ಸ್ಲ್ಯಾಬ್ ಬೀಳಲೇಬೇಕೆಂದು ಮೇ ತಿಂಗಳ ಬಿಸಿಲಲ್ಲೇ ಹಾಕಿದರು. ಮೇಲೆ ಸಿಮೆಂಟಿನ ಏರಿ ಕಟ್ಟಿ ನೀರು ನಿಲ್ಲಿಸುವ ಕೆಲಸ ಸ್ತ್ರೀ ಸಂಘದ್ದು. ಹತ್ತು ದಿನವಾದರೂ ಒಣಗಲು ಬಿಡಬಾರದು. ಬೆಳಿಗ್ಗೆ ಬೀಡಿ ಕಟ್ಟಲು ಕೂರುವ ಮೊದಲು ಒಬ್ಬರು, ಸಂಜೆ ಕೆಲಸದಿಂದ ಬಂದವರು ಇನ್ನೊಬ್ಬರು, ಹೀಗೆ ಪಾಳಿ ಹಚ್ಚಿ ನೀರು ಹಾಕಿದರು.

ಮೇಲಿನ ಮಹಡಿ ಇನ್ನೂ ಕಂಬಗಳಲ್ಲೇ ನಿಂತಿದೆ. ಸಾಲ ಎತ್ತಿ ಮುಗಿಸೋಣ ಎನ್ನುವವರಿದ್ದಾರೆ. ಅವರ ಅವಸರ ನನಗೆ ಅರ್ಥವಾಗುತ್ತದೆ, ಆದರೆ ನನ್ನ ಮನಸ್ಸು ಮುಂದಿನ ಹಬ್ಬಕ್ಕೆ ಕಾಯೋಣ ಎನ್ನುವವರ ಕಡೆಗೇ ಇದೆ. ಸಾಲ ತೀರಿಸಲು ಮನೆಮನೆಗೆ ವಂತಿಗೆ ಗೊತ್ತುಮಾಡಿದರೆ ನುಗ್ಗೆಕಾಯಿ ತಂದ ಮುದುಕಿ ಬಾಕಿದಾರರ ಪಟ್ಟಿಗೆ ಸೇರುತ್ತಾರೆ.

ಆದರೆ ಹಬ್ಬವೂ ಮೊದಲಿನ ಹಾಗಿಲ್ಲ. ಹಳೆಯ ಏಲಂ ಪುಸ್ತಕಗಳಲ್ಲಿ ಪುಟದ ತಲೆಗೆ ಯಾವಾಗಲೂ ಅಕ್ಕಿ ಮುಡಿ ಇರುತ್ತಿತ್ತು. ಬೈಹುಲ್ಲಿನಲ್ಲಿ ಬಿಗಿದು ಹಗ್ಗ ಸುತ್ತಿದ 42 ಸೇರಿನ ಮುಡಿ. ಇತ್ತೀಚಿನ ಪುಟಗಳಲ್ಲಿ ಅದರ ಜಾಗಕ್ಕೆ ಅಂಗಡಿಯಿಂದ ತಂದ ಅಕ್ಕಿ ಚೀಲ ಬಂದಿದೆ. ಗದ್ದೆಗಳು ಸೈಟುಗಳಾದವು, ಕೆಲವಕ್ಕೆ ಅಡಿಕೆ ಬಿತ್ತು. ಭತ್ತ ಬೆಳೆಯುವ ಮನೆಗಳು ಸಭೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ, ಮುಡಿ ಕಟ್ಟಲು ಬರುತ್ತಿದ್ದವರು ತೀರಿಕೊಂಡಿದ್ದಾರೆ.

ಭವನದ ಪ್ರತಿಷ್ಠೆಯ ವರ್ಷ ಮೊದಲ ಏಲಂ ಮುಡಿಯದ್ದೇ ಆಗಬೇಕೆಂಬುದು ಮಾಮನ ಹಟ. ಅಕ್ಕಿ ಕೊಡಲು ಒಂದು ಮನೆಯವರು ಒಪ್ಪಿದ್ದಾರೆ, ಹುಲ್ಲೂ ಇದೆ. ಕಾರ್ಕಳ, ಬೆಳ್ತಂಗಡಿ ಕಡೆ ಮುಡಿ ಕಟ್ಟುವವರು ಯಾರಾದರೂ ಇದ್ದರೆ ತಿಳಿಸಿ ಎಂದು ಗೇಟಿನವರೆಗೂ ಬಂದು ಹೇಳಿದರು. ಆ ಕಡೆಯ ಪರಿಚಯದವರನ್ನೆಲ್ಲ ಕೇಳುತ್ತಿದ್ದೇನೆ.