ಟಯರಿನ ಗಾಳಿ ಮತ್ತು ಎಚ್ಚರಿಕೆಯ ದೀಪ

ಕಾರು ಎಷ್ಟು ದೊಡ್ಡದಿದ್ದರೂ ಅದು ನೆಲವನ್ನು ಮುಟ್ಟುವುದು ನಾಲ್ಕು ಕಡೆಗಳಲ್ಲಿ ಮಾತ್ರ. ಒಂದೊಂದು ಕಡೆಯೂ ಹೆಚ್ಚು ಕಡಮೆ ಒಂದು ಅಂಗೈಯಷ್ಟು ಜಾಗ. ಕುಳಿತವರ ಭಾರ, ಸಾಮಾನಿನ ಭಾರ, ತಿರುವಿನ ಸೆಳೆತ, ಬ್ರೇಕಿನ ಹಿಡಿತ ಎಲ್ಲವೂ ಆ ನಾಲ್ಕು ಅಂಗೈಗಳ ಮೇಲೆಯೇ. ಆ ಅಂಗೈಗಳನ್ನು ಬಿಗಿಯಾಗಿ ನಿಲ್ಲಿಸಿರುವುದು ರಬ್ಬರಿನೊಳಗೆ ತುಂಬಿದ ಗಾಳಿ. ಗಾಳಿ ತುಂಬಿದ ಟಯರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು 1845ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಅದು ಬಳಕೆಗೆ ಬಂದದ್ದು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲಿಗೆ ಅಂಥ ಟಯರು ಮಾಡಿಕೊಟ್ಟ ಮೇಲೆ.

ಈಗಿನ ಅನೇಕ ಕಾರುಗಳಲ್ಲಿ ಈ ಗಾಳಿಯನ್ನು ಕಾಯಲು ಒಂದು ವ್ಯವಸ್ಥೆಯಿದೆ. ಟಿ.ಪಿ.ಎಂ.ಎಸ್. ಎಂದು ಅದನ್ನು ಚುಟುಕಾಗಿ ಕರೆಯುತ್ತಾರೆ. ಗಾಳಿ ಇಳಿದರೆ ಚಾಲಕನ ಎದುರು ಕುದುರೆಯ ಲಾಳದಂಥ ಹಳದಿ ದೀಪ, ನಡುವೆ ಆಶ್ಚರ್ಯಸೂಚಕ ಚಿಹ್ನೆಯೊಡನೆ ಹೊತ್ತಿಕೊಳ್ಳುತ್ತದೆ. ಚಕ್ರ ಬದಲಿಸಿದಾಗ, ಹೊಸ ಟಯರು ಹಾಕಿಸಿದಾಗ, ಮುಂದಿನ ಚಕ್ರವನ್ನು ಹಿಂದಕ್ಕೆ ಹಾಕಿದಾಗಲೂ ಈ ದೀಪ ಉರಿಯುವುದುಂಟು. ಆಗ ಕೆಲವರು ಒಂದು ಗುಂಡಿ ಒತ್ತಿ ದೀಪ ಆರಿಸಿ ನೆಮ್ಮದಿಯಿಂದಿರುತ್ತಾರೆ. ಇನ್ನು ಕೆಲವರು ಉರಿಯುತ್ತಿದ್ದರೆ ಉರಿಯಲಿ ಎಂದು ಬಿಟ್ಟುಬಿಡುತ್ತಾರೆ. ಎರಡೂ ಅಪಾಯವೇ. ಈ ದೀಪ ಏನು ಹೇಳುತ್ತದೆ, ಚಕ್ರ ಬದಲಿಸಿದ ಮೇಲೆ ಮನೆಯಲ್ಲಿಯೇ ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ದೀಪ ಬಂದ ಬಗೆ

ಗಾಳಿ ಕಡಮೆಯಾದ ಟಯರು ಓಡುವಾಗ ಅದರ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತದೆ. ಒಂದು ತಂತಿಯನ್ನು ಅತ್ತಿತ್ತ ಬಾಗಿಸುತ್ತಿದ್ದರೆ ಅದು ಹೇಗೆ ಬಿಸಿಯಾಗುವುದೋ ಹಾಗೆಯೇ ರಬ್ಬರೂ ಬಿಸಿಯಾಗುತ್ತದೆ. ಶಾಖ ಮಿತಿಮೀರಿದಾಗ ಒಳಗಿನ ಪದರುಗಳು ಬಿಟ್ಟುಕೊಂಡು ಟಯರು ಸಿಡಿಯಬಹುದು. ವೇಗವಾಗಿ ಹೋಗುವ ಕಾರಿನಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಇದಲ್ಲದೆ ಗಾಳಿ ಕಡಮೆಯಾದರೆ ಟಯರಿನ ಅಂಚುಗಳು ಬೇಗ ಸವೆಯುತ್ತವೆ, ಎಣ್ಣೆಯ ಖರ್ಚೂ ಹೆಚ್ಚುತ್ತದೆ.

ಈ ಸಾಧನ ಮೊದಲು ಬಂದದ್ದು ದುಬಾರಿ ಕಾರುಗಳಿಗೆ. 1986ರಲ್ಲಿ ಪೋರ್ಷೆ 959 ಎಂಬ ಕಾರಿನಲ್ಲಿ ಇದನ್ನು ಅಳವಡಿಸಿದ್ದರು. ಸಾಮಾನ್ಯರ ಕಾರಿಗೆ ಇದು ಬರಲು ಒಂದು ದೊಡ್ಡ ಅನಾಹುತ ಕಾರಣವಾಯಿತು. ಅಮೆರಿಕದಲ್ಲಿ ಟಯರಿನ ಪದರು ಕಿತ್ತುಹೋಗಿ ಕಾರುಗಳು ಮಗುಚಿ ಅನೇಕರು ಸತ್ತ ಬಳಿಕ, 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪೆನಿಯು ಸುಮಾರು 65 ಲಕ್ಷ ಟಯರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದೇ ವರ್ಷ ಅಲ್ಲಿ ಕಾನೂನಾಯಿತು. ಅದರಂತೆ 2007ರ ಸೆಪ್ಟೆಂಬರಿನಿಂದ ತಯಾರಾಗುವ ಹೊಸ ಕಾರುಗಳಿಗೆಲ್ಲ ಈ ಎಚ್ಚರಿಕೆಯ ದೀಪ ಕಡ್ಡಾಯವಾಯಿತು. ನಿಗದಿತ ಒತ್ತಡಕ್ಕಿಂತ ನೂರಕ್ಕೆ 25ರಷ್ಟು ಇಳಿದರೆ ದೀಪ ಹೊತ್ತಬೇಕೆಂಬುದು ಅಲ್ಲಿನ ನಿಯಮ. ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2020ರ ಜುಲೈ ತಿಂಗಳ ತಿದ್ದುಪಡಿಯಂತೆ, ಈ ವ್ಯವಸ್ಥೆಯೂ ಪಂಕ್ಚರ್ ಸರಿಪಡಿಸುವ ಕಿಟ್ಟೂ ಇರುವ ಕಾರು ಸ್ಟೆಪ್ನಿ ಇಲ್ಲದೆಯೂ ಬರಬಹುದು. ಆದ್ದರಿಂದ ಇಂಥ ಕಾರು ಕೊಂಡವರು ಈ ದೀಪವನ್ನು ಕಡೆಗಣಿಸುವಂತೆಯೇ ಇಲ್ಲ.

ಅಂದ ಹಾಗೆ ಸ್ಟೆಪ್ನಿ ಎಂಬ ಮಾತು ಬಂದದ್ದು ವೇಲ್ಸಿನ ಲನೆಲ್ಲಿ ಎಂಬ ಪಟ್ಟಣದ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಅಲ್ಲಿ ಕಾರಿನ ಬದಲಿ ಚಕ್ರವನ್ನು ತಯಾರಿಸಿ ಮಾರತೊಡಗಿದರು. ಬೀದಿಯ ಹೆಸರು ನಮ್ಮೂರಿನ ಪಂಕ್ಚರ್ ಅಂಗಡಿಯ ತನಕವೂ ಬಂದು ಉಳಿದಿದೆ.

ಎರಡು ವಿಧಾನಗಳು

ಕಾರು ಗಾಳಿಯನ್ನು ತಿಳಿಯುವುದಕ್ಕೆ ಎರಡು ದಾರಿಗಳಿವೆ. ನಮ್ಮ ಕಾರಿನಲ್ಲಿರುವುದು ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು.

ಒಂದನೆಯದು ನೇರ ವಿಧಾನ. ಚಕ್ರದೊಳಗೆ ವಾಲ್ವಿನ ಬುಡದಲ್ಲಿ ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ಸೆನ್ಸರ್ ಇರುತ್ತದೆ. ಅದರೊಳಗೆ ಒತ್ತಡ ಅಳೆಯುವ ಸಾಧನ, ಪುಟ್ಟ ಬ್ಯಾಟರಿ, ರೇಡಿಯೋ ಇವೆಲ್ಲವೂ ಉಂಟು. ನಮ್ಮ ದೇಶದ ಕಾರುಗಳಲ್ಲಿ ಇದು ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಅಲೆಯಲ್ಲಿ ಸುದ್ದಿ ಕಳಿಸುತ್ತದೆ. ಪ್ರತಿಯೊಂದು ಸೆನ್ಸರಿಗೂ ಅದರದೇ ಗುರುತಿನ ಸಂಖ್ಯೆ ಇದೆ, ತರಗತಿಯಲ್ಲಿ ಹಾಜರಿ ಸಂಖ್ಯೆ ಇರುವಂತೆ. ಪಕ್ಕದ ಕಾರಿನ ಸುದ್ದಿ ನಮ್ಮ ಕಾರಿಗೆ ಬೆರೆಯದಿರುವುದು ಇದರಿಂದಲೇ. ಬ್ಯಾಟರಿ ಉಳಿಯಲೆಂದು ಕಾರು ನಿಂತಿರುವಾಗ ಸೆನ್ಸರ್ ನಿದ್ರಿಸುತ್ತದೆ, ಚಕ್ರ ಉರುಳಿದಾಗ ಏಳುತ್ತದೆ. ಪರದೆಯಲ್ಲಿ ನಾಲ್ಕು ಚಕ್ರಗಳಿಗೂ ಬೇರೆ ಬೇರೆ ಅಂಕಿ ಕಾಣುವುದಾದರೆ ನಿಮ್ಮದು ಬಹುಮಟ್ಟಿಗೆ ಈ ಜಾತಿಯದು.

ಎರಡನೆಯದು ಪರೋಕ್ಷ ವಿಧಾನ. ಇದರಲ್ಲಿ ಚಕ್ರದೊಳಗೆ ಏನೂ ಇಲ್ಲ. ಬ್ರೇಕಿನ ಎ.ಬಿ.ಎಸ್. ವ್ಯವಸ್ಥೆಗಾಗಿ ಪ್ರತಿ ಚಕ್ರದ ಸುತ್ತುಗಳನ್ನು ಎಣಿಸುವ ಸಾಧನ ಹೇಗೂ ಇದೆ. ಆ ಎಣಿಕೆಯಿಂದಲೇ ಗಾಳಿಯನ್ನು ಊಹಿಸುತ್ತಾರೆ. ಗಣಿತದಿಂದ ನೋಡಿರಿ. ಚಕ್ರದ ವ್ಯಾಸ 62 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಪರಿಧಿ 22/7 × 62, ಅಂದರೆ ಸುಮಾರು 195 ಸೆಂಟಿಮೀಟರ್. ಒಂದು ಕಿಲೋಮೀಟರ್ ಹೋಗಲು ಅದು ಸುಮಾರು 513 ಸುತ್ತು ತಿರುಗಬೇಕು. ಗಾಳಿ ಇಳಿದು ಉರುಳುವ ತ್ರಿಜ್ಯ ನೂರಕ್ಕೆ ಒಂದರಷ್ಟು ಕುಗ್ಗಿದರೆ 518 ಸುತ್ತು ಬೇಕಾಗುತ್ತದೆ. ಕಿಲೋಮೀಟರಿಗೆ ಈ ಐದು ಸುತ್ತಿನ ವ್ಯತ್ಯಾಸವನ್ನು ಹಿಡಿದು ಕಾರು ದೀಪ ಹೊತ್ತಿಸುತ್ತದೆ. ನಾಲ್ಕೂ ಚಕ್ರಗಳಲ್ಲಿ ಒಂದೇ ಸಮನಾಗಿ ಗಾಳಿ ಇಳಿದರೆ ಮಾತ್ರ ಬರಿಯ ಹೋಲಿಕೆಯಿಂದ ತಿಳಿಯುವ ಸಾಧನಕ್ಕೆ ಅದು ಗೊತ್ತಾಗುವುದಿಲ್ಲ.

ಮೊದಲು ಗಾಳಿ, ಆಮೇಲೆ ಗುಂಡಿ

ಮರುಹೊಂದಿಸುವ ಗುಂಡಿಗೆ ಗಾಳಿ ತುಂಬುವ ಶಕ್ತಿಯಿಲ್ಲ, ಪಂಕ್ಚರ್ ಮುಚ್ಚುವ ಶಕ್ತಿಯೂ ಇಲ್ಲ. ಪರೋಕ್ಷ ವಿಧಾನದ ಕಾರಿನಲ್ಲಿ ಅದನ್ನು ಒತ್ತಿದಾಗ ನಾವು ಯಂತ್ರಕ್ಕೆ ಹೇಳುವುದು ಇಷ್ಟೆ: "ಈಗ ಇರುವುದೇ ಸರಿ, ಇದನ್ನು ನೆನಪಿಟ್ಟುಕೋ." ಈಗ ಇರುವುದು ಸರಿಯಿಲ್ಲದಿದ್ದರೆ ನಾವು ಯಂತ್ರಕ್ಕೆ ಸುಳ್ಳು ಪಾಠ ಕಲಿಸಿದಂತಾಯಿತು. ಅದು ಕಲಿತದ್ದನ್ನು ಚಾಚೂ ತಪ್ಪದೆ ಪಾಲಿಸುತ್ತದೆ, ಎಚ್ಚರಿಸಬೇಕಾದಾಗ ಸುಮ್ಮನಿರುತ್ತದೆ.

ಇಲ್ಲಿ ಶಾಖದ ವಿಚಾರವೂ ಬರುತ್ತದೆ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡವು ಅದರ ಕೆಲ್ವಿನ್ ಉಷ್ಣತೆಗೆ ನೇರ ಅನುಪಾತದಲ್ಲಿರುತ್ತದೆ ಎಂಬುದು ಗೇ-ಲುಸಾಕನ ನಿಯಮ. ಗಾಳಿಯನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಅಳೆಯುತ್ತಾರೆ, ಪಿ.ಎಸ್.ಐ. ಎಂದರೆ ಅದೇ. ಗೇಜು ತೋರಿಸುವ ಅಂಕಿಗೆ ವಾತಾವರಣದ 14.7 ಪೌಂಡನ್ನು ಕೂಡಿಸಿದರೆ ನಿಜವಾದ ಒತ್ತಡ ಸಿಗುತ್ತದೆ. ಬೆಳಗ್ಗೆ 27 ಡಿಗ್ರಿಯಲ್ಲಿ, ಅಂದರೆ 300 ಕೆಲ್ವಿನ್‌ನಲ್ಲಿ, 33 ಪೌಂಡು ಇದ್ದ ಟಯರು ಓಡಿ 57 ಡಿಗ್ರಿಗೆ ಬಿಸಿಯಾದರೆ 47.7 × 330/300, ಅಂದರೆ ಸುಮಾರು 52.5. ಅದರಿಂದ 14.7 ಕಳೆದರೆ ಗೇಜಿನಲ್ಲಿ ಸುಮಾರು 38 ಪೌಂಡು ಕಾಣುತ್ತದೆ. ಇದು ಸಹಜ; ಹೆಚ್ಚಾಯಿತೆಂದು ಗಾಳಿ ಬಿಡಬಾರದು.

ಇದನ್ನೇ ತಿರುಗಿಸಿ ನೋಡಿ. ದೂರದಿಂದ ಬಂದು ಬಿಸಿಯಾಗಿರುವ ಟಯರಿನಲ್ಲಿ 33 ಪೌಂಡು ಇಟ್ಟು ಒಬ್ಬರು ಗುಂಡಿ ಒತ್ತಿದರೆನ್ನೋಣ. ಮರುದಿನ ಬೆಳಗ್ಗೆ ಟಯರು ತಣ್ಣಗಾದಾಗ ಅದರಲ್ಲಿ ಉಳಿಯುವುದು 29 ಪೌಂಡಿಗೂ ತುಸು ಕಡಮೆ. ದೀಪ ಆರಿಯೇ ಇದೆ, ಚಾಲಕನಿಗೆ ಧೈರ್ಯವೂ ಇದೆ. ಇರಬೇಕಾದ ಗಾಳಿ ಮಾತ್ರ ಇಲ್ಲ.

ಮನೆಯಲ್ಲಿ ಮಾಡುವ ಕ್ರಮ

1. ಚಕ್ರ ಬದಲಿಸುವಾಗ ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರನ್ನು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಎದುರು ಬದಿಯ ಚಕ್ರಕ್ಕೆ ಕಲ್ಲು ಕೊಡಿ. ನಟ್ಟುಗಳನ್ನು ಸಡಿಲಿಸಿದ ಮೇಲೆಯೇ ಜಾಕಿ ಏರಿಸಿ. ಜಾಕಿಯ ಮೇಲಿರುವ ಕಾರಿನ ಅಡಿಗೆ ಯಾರೂ ಹೋಗಬಾರದು. ಇಳಿಸಿದ ಬಳಿಕ ನಟ್ಟುಗಳನ್ನು ಒಂದರ ಎದುರಿಗೊಂದು ಎಂಬಂತೆ ಬಿಗಿಗೊಳಿಸಿ.

2. ಕಾರು ಮೂರು ಗಂಟೆಯಾದರೂ ನಿಂತು ಟಯರು ತಣ್ಣಗಿರಲಿ. ಬೆಳಗಿನ ಹೊತ್ತು ಉತ್ತಮ.

3. ಎಷ್ಟು ಗಾಳಿ ಇರಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಎಣ್ಣೆ ತುಂಬಿಸುವ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿದೆ. ಟಯರಿನ ಮೇಲೆ ಅಚ್ಚಾಗಿರುವುದು ಆ ಟಯರು ತಾಳುವ ಗರಿಷ್ಠ ಒತ್ತಡ; ಅಷ್ಟು ತುಂಬಿಸಬಾರದು.

4. ಗೇಜಿನಿಂದ ನಾಲ್ಕೂ ಚಕ್ರಗಳನ್ನು ಅಳೆದು ಸರಿಪಡಿಸಿ. ಕಾಲಿನಿಂದ ಒತ್ತುವ ಪಂಪೂ ಸಾಕು. ವಾಲ್ವಿನ ಮುಚ್ಚಳ ಹಾಕಲು ಮರೆಯಬೇಡಿ. ಪ್ಲಾಸ್ಟಿಕ್ ಮುಚ್ಚಳವೇ ಒಳ್ಳೆಯದು. ಕಡಲ ತೀರದ ಉಪ್ಪುಗಾಳಿಗೆ ಲೋಹದ ಮುಚ್ಚಳ ವಾಲ್ವಿಗೆ ಕಚ್ಚಿಕೊಳ್ಳುವುದುಂಟು.

5. ಪರೋಕ್ಷ ವಿಧಾನದ ಕಾರಾದರೆ ಈಗ ಗುಂಡಿಯ ಸರದಿ. ನಿಂತ ಕಾರಿನಲ್ಲಿ ಇಗ್ನಿಶನ್ ಹಾಕಿ ಗುಂಡಿಯನ್ನು ಒತ್ತಿ ಹಿಡಿಯಿರಿ. ಅದು ಸ್ಟಿಯರಿಂಗಿನ ಕೆಳಗೋ ಸಾಮಾನು ಇಡುವ ಡಬ್ಬಿಯೊಳಗೋ ಇರುತ್ತದೆ. ಗುಂಡಿಯಿರುವ ಹಲವು ಟೊಯೊಟಾ ಕಾರುಗಳಲ್ಲಿ ದೀಪ ಮೂರು ಬಾರಿ ನಿಧಾನವಾಗಿ ಮಿನುಗುವ ತನಕ ಹಿಡಿಯಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಂಪೆನಿಗಳ ಹಲವು ಕಾರುಗಳಲ್ಲಿ ಗುಂಡಿಯ ಬದಲು ಪರದೆಯ ಮೇಲೆ 'ಸೆಟ್' ಎಂದಿರುತ್ತದೆ. ಬಳಿಕ ಅರ್ಧ ಗಂಟೆಯಷ್ಟು ಸಾಧಾರಣ ವೇಗದಲ್ಲಿ ಓಡಿಸಿದರೆ ಕಾರು ಹೊಸ ಸುತ್ತುಗಳ ಲೆಕ್ಕವನ್ನು ಕಲಿತುಕೊಳ್ಳುತ್ತದೆ.

6. ನೇರ ವಿಧಾನದ ಕಾರಿನಲ್ಲಿ ಅವೇ ನಾಲ್ಕು ಚಕ್ರಗಳು ಜಾಗ ಬದಲಿಸಿದ್ದಷ್ಟೇ ಆದರೆ, ಅನೇಕ ಕಾರುಗಳಲ್ಲಿ ಹತ್ತಿಪ್ಪತ್ತು ನಿಮಿಷ ಓಡಿಸುವುದೇ ಸಾಕು. ಅಂಗಳದಲ್ಲಿ ನಿಲ್ಲಿಸಿಕೊಂಡು ದೀಪ ಆರಲೆಂದು ಕಾಯುವುದು ವ್ಯರ್ಥ. ನಿದ್ರಿಸುವ ಸೆನ್ಸರನ್ನು ಎಬ್ಬಿಸುವುದು ಓಟವೇ. ಕೆಲವು ಕಾರುಗಳು ಚಕ್ರದ ಹೊಸ ಜಾಗವನ್ನು ತಾವಾಗಿ ಅರಿಯುವುದಿಲ್ಲ. ಅಂಥಲ್ಲಿ ಮುಂದಿನ ಚಕ್ರದ ಅಂಕಿ ಹಿಂದಿನದೆಂದು ಕಾಣಬಹುದು. ಕೈಪಿಡಿ ನೋಡಿ ತಿದ್ದಬೇಕು.

7. ನಟ್ಟುಗಳನ್ನು 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಮನೆಯಲ್ಲಿ ಆಗದ ಕೆಲಸ

ದೀಪ ಎಡೆಬಿಡದೆ ಉರಿದರೆ ಗಾಳಿ ಕಡಮೆಯಿದೆ ಎಂದರ್ಥ. ಹೆಚ್ಚಿನ ಕಾರುಗಳಲ್ಲಿ ಮೊದಲು ಒಂದು ನಿಮಿಷದಷ್ಟು ಹೊತ್ತು ಮಿನುಗಿ ಆಮೇಲೆ ಉರಿದೇ ಇದ್ದರೆ ವ್ಯವಸ್ಥೆಯಲ್ಲಿಯೇ ದೋಷವಿದೆ, ಅಥವಾ ಒಂದು ಸೆನ್ಸರಿನ ಸುದ್ದಿ ಬರುತ್ತಿಲ್ಲ ಎಂದು ತಿಳಿಯಬೇಕು. ಸ್ಟೆಪ್ನಿಯೊಳಗೆ ಎಷ್ಟೋ ಕಾರುಗಳಲ್ಲಿ ಸೆನ್ಸರ್ ಇರುವುದಿಲ್ಲ. ಆದ್ದರಿಂದ ಸ್ಟೆಪ್ನಿ ಹಾಕಿದಾಗ ದೀಪ ಮಿನುಗಿದರೆ ಗಾಬರಿ ಬೇಡ. ಮೂಲ ಚಕ್ರವನ್ನು ಸರಿಪಡಿಸಿ ಹಾಕಿದರೆ ಸರಿಹೋಗುತ್ತದೆ.

ಹೊಸ ಸೆನ್ಸರ್ ಹಾಕಿಸಿದರೆ ಅದರ ಗುರುತಿನ ಸಂಖ್ಯೆ ಕಾರಿನ ಹಾಜರಿ ಪುಸ್ತಕಕ್ಕೆ ಸೇರಬೇಕು. ಕೆಲವು ಕಾರುಗಳು ಓಡುತ್ತಲೇ ಅದನ್ನು ಕಲಿಯುತ್ತವೆ. ಇತರ ಕಾರುಗಳಿಗೆ ವರ್ಕ್‌ಶಾಪಿನ ಉಪಕರಣವೇ ಬೇಕು. ಸೆನ್ಸರಿನ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಅದು ಒಳಗೇ ಮುಚ್ಚಿಹೋಗಿರುವುದರಿಂದ ಸೆನ್ಸರನ್ನೇ ಬದಲಿಸಬೇಕಾಗುತ್ತದೆ. ಹಳೆಯ ಕಾರು ಕೊಳ್ಳುವವರು ಇದನ್ನು ವಿಚಾರಿಸಿಕೊಳ್ಳುವುದು ಲೇಸು. ಕಾರಿನ ಬ್ಯಾಟರಿಯ ತಂತಿ ಬಿಚ್ಚಿ ಹಾಕಿದರೆ ಎಲ್ಲ ಸರಿಯಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಚಕ್ರದೊಳಗಿನ ಸೆನ್ಸರಿಗೂ ಆ ಬ್ಯಾಟರಿಗೂ ಸಂಬಂಧವಿಲ್ಲ.

ಟಯರು ಬಿಚ್ಚಿಸುವಾಗ "ವಾಲ್ವಿನ ಬುಡದಲ್ಲಿ ಸೆನ್ಸರ್ ಉಂಟು, ಸ್ವಲ್ಪ ಜಾಗ್ರತೆ" ಎಂದು ಅಂಗಡಿಯವರಿಗೆ ಮೊದಲೇ ಹೇಳಿಬಿಡಿ. ಕಬ್ಬಿಣದ ಪಟ್ಟಿ ತಗಲಿ ಅದು ಮುರಿದರೆ ದಂಡ ನಮಗೇ. ಪಂಕ್ಚರ್ ಮುಚ್ಚುವ ದ್ರಾವಣ ಹಾಕಿಸಿದರೂ ಸೆನ್ಸರಿನ ಸಣ್ಣ ರಂಧ್ರ ಕಟ್ಟಿಕೊಳ್ಳಬಹುದು.

ವಿದ್ಯಾರ್ಥಿಗಳು ಮಾಡಬಹುದಾದದ್ದು

ಕಾರಿನ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಆದ್ದರಿಂದ ಬಹಳ ಮನೆಗಳಲ್ಲಿ ಅದು ಡಬ್ಬಿಯಿಂದ ಹೊರಗೆ ಬರುವುದೇ ಇಲ್ಲ. ಪಾಠದ ಇಂಗ್ಲಿಷ್ ಇಲ್ಲಿ ಉಪಯೋಗಕ್ಕೆ ಬರಲಿ. ಟಯರಿನ ಪುಟವನ್ನು ಹುಡುಕಿ ಓದಿ, ನಿಮ್ಮ ಕಾರಿನದು ಯಾವ ವಿಧಾನ, ಎಷ್ಟು ಗಾಳಿ, ಗುಂಡಿ ಎಲ್ಲಿ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕಾರಿನಲ್ಲಿಡಿ. ತಿಂಗಳಿಗೊಮ್ಮೆ ಬೆಳಗ್ಗೆ ತಂದೆತಾಯಿಯರ ಜತೆಯಲ್ಲಿ ನಾಲ್ಕು ಚಕ್ರಗಳನ್ನೂ ಸ್ಟೆಪ್ನಿಯನ್ನೂ ಅಳೆದು ತಾರೀಕಿನೊಡನೆ ಬರೆದಿಡಿ. ಒಂದೇ ಚಕ್ರದ ಅಂಕಿ ಪ್ರತಿ ತಿಂಗಳೂ ಇಳಿಯುತ್ತಿದ್ದರೆ ಎಲ್ಲೋ ಮೊಳೆ ಹೊಕ್ಕಿದೆ ಅಥವಾ ವಾಲ್ವು ಸೋರುತ್ತಿದೆ ಎಂದು ದೀಪ ಹೊತ್ತುವ ಮೊದಲೇ ನಿಮಗೆ ತಿಳಿಯುತ್ತದೆ.

ಯಂತ್ರ ನಮ್ಮನ್ನು ಎಚ್ಚರಿಸಬಲ್ಲುದು, ಆದರೆ ಸರಿಯಾದದ್ದು ಯಾವುದೆಂದು ಅದಕ್ಕೆ ಕಲಿಸಬೇಕಾದವರು ನಾವೇ. ಆದ್ದರಿಂದ ಗೇಜು ಮೊದಲು, ಗುಂಡಿ ಆಮೇಲೆ. ಈ ಒಂದು ಕ್ರಮವನ್ನು ಮನೆಮಂದಿಯೆಲ್ಲ ನೆನಪಿಟ್ಟುಕೊಂಡರೆ ಹೊರಟವರು ಸುಖವಾಗಿ ಮನೆ ಸೇರಲು ಅದು ನೆರವಾಗುತ್ತದೆ.