ಗದ್ದೆಯೇ ಶಾಲೆ, ಜೇಡವೇ ಮೇಷ್ಟ್ರು

ಭತ್ತದ ಬುಡದಲ್ಲಿ ಓಡಾಡುವ ಜೇಡ ರೈತನಿಗೆ ಶತ್ರುವೋ ಮಿತ್ರನೋ? ಉತ್ತರ ಪಠ್ಯಪುಸ್ತಕದಲ್ಲಿದೆ. ಇಂಡೊನೇಷ್ಯಾದ ರೈತರು ಮಾತ್ರ ಅದನ್ನು ಗದ್ದೆಯಲ್ಲೇ ಕಲಿತರು.

1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬಿಯಾದ ಆ ದೇಶಕ್ಕೆ ಎರಡೇ ವರ್ಷಗಳಲ್ಲಿ ಕಂದು ಜಿಗಿಹುಳು ಕಂಟಕವಾಯಿತು. ಅಕ್ಕಿಕಾಳಿಗಿಂತ ಚಿಕ್ಕದಾದ ಈ ಕೀಟ ಪೈರಿನ ಬುಡಕ್ಕೆ ಮುತ್ತಿ ರಸ ಹೀರುತ್ತದೆ. ಹಸಿರು ಗದ್ದೆ ಬೆಂಕಿ ತಗುಲಿದಂತೆ ಒಣಗುತ್ತದೆ. (ನಮ್ಮ ತುಂಗಭದ್ರಾ, ಕಾವೇರಿ ಅಚ್ಚುಕಟ್ಟಿನ ರೈತರಿಗೂ ಇದು ಹೊಸದಲ್ಲ.) ಸರ್ಕಾರದ ಸಹಾಯಧನದಿಂದ ಕೀಟನಾಶಕ ಅಗ್ಗವಾಗಿತ್ತು. ರೈತರು ಧಾರಾಳವಾಗಿ ಸಿಂಪಡಿಸಿದರು. ಹುಳು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ! ಜಿಗಿಹುಳು ಮೊಟ್ಟೆಯಿಡುವುದು ಎಲೆಯ ಬುಡದ ಕವಚದೊಳಗೆ. ಮೇಲೆ ಬಿದ್ದ ಔಷಧಿಯಿಂದ ಅವು ಬಹುಮಟ್ಟಿಗೆ ಪಾರಾಗುತ್ತವೆ. ಹೊರಗೆ ಓಡಾಡುವ ಜೇಡ ಸಾಯುತ್ತದೆ. ಆಮೇಲೆ ಮೊಟ್ಟೆಯೊಡೆದು ಬರುವ ಮರಿಗಳಿಗೆ ಯಾರ ಭಯ?

1986ರಲ್ಲಿ ಅಲ್ಲಿನ ಸರ್ಕಾರ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿತು. ಆಜ್ಞೆ ಹೊರಡಿಸುವುದು ಸುಲಭ. ವರ್ಷದ ಅನ್ನವೇ ಕೈತಪ್ಪುವ ಭಯವಿರುವಾಗ ಸಿಂಪಡಿಸದೆ ಸುಮ್ಮನಿರಿ ಎಂದರೆ ಯಾವ ರೈತ ಕೇಳಿಯಾನು? ಆಗ, 1989ರಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ‘ರೈತ ಕ್ಷೇತ್ರ ಪಾಠಶಾಲೆ’ಗಳು ಆರಂಭವಾದವು.

ಈ ಶಾಲೆಗೆ ಗೋಡೆಯಿಲ್ಲ, ಕರಿಹಲಗೆಯಿಲ್ಲ. ಸುಮಾರು 25 ರೈತರು ವಾರಕ್ಕೊಂದು ಬೆಳಗ್ಗೆ ಗದ್ದೆಗಿಳಿದು ತೆಂಡೆ ಎಣಿಸುತ್ತಿದ್ದರು, ಕಂಡ ಹುಳುಗಳನ್ನೆಲ್ಲ ಲೆಕ್ಕ ಹಾಕುತ್ತಿದ್ದರು. ದೊಡ್ಡ ಕಾಗದದ ಮೇಲೆ ಪೈರಿನ ಚಿತ್ರ. ಅದರ ಒಂದು ಬದಿಗೆ ಪೀಡೆಗಳು, ಇನ್ನೊಂದು ಬದಿಗೆ ಅವನ್ನು ತಿನ್ನುವ ಜೀವಿಗಳು. ಬಳಿಕ ಚರ್ಚೆ: ಈ ವಾರ ಔಷಧಿ ಬೇಕೇ, ಬೇಡವೇ? ‘ಇದು ಯಾವ ಹುಳು?’ ಎಂದು ಕೇಳಿದರೆ ಬೋಧಕರು ಹೆಸರು ಹೇಳುವ ಬದಲು, ‘ಎಲ್ಲಿ ಸಿಕ್ಕಿತು? ಏನು ಮಾಡುತ್ತಿತ್ತು?’ ಎಂದು ಮರುಪ್ರಶ್ನೆ ಹಾಕುತ್ತಿದ್ದರು. (ಎಷ್ಟು ಮೇಷ್ಟ್ರುಗಳಿಗೆ ಈ ತಾಳ್ಮೆ ಇದ್ದೀತು!) ಉತ್ತರ ಬೇಕಾದವರು ಪೈರಿಗೆ ಪರದೆ ಕಟ್ಟಿ, ಒಳಗೆ ಜಿಗಿಹುಳು, ಜೇಡ ಎರಡನ್ನೂ ಬಿಟ್ಟು ಕಾಯಬೇಕು. ‘ಕೀಟಗಳ ಮೃಗಾಲಯ’ವೆಂದೇ ಇದಕ್ಕೆ ಹೆಸರು. ಉಳಿದ ಜಿಗಿಹುಳುಗಳನ್ನು ಎಣಿಸಿದರೆ ಜೇಡದ ಕೆಲಸ ತಿಳಿಯುತ್ತದೆ.

ಇನ್ನೊಂದು ಪ್ರಯೋಗಕ್ಕೆ ಕತ್ತರಿ ಸಾಕು. ಎಳೆ ಪೈರಿನ ಎಲೆಗಳನ್ನು, ಹುಳು ತಿಂದಂತೆ, ಅಷ್ಟಿಷ್ಟು ಕತ್ತರಿಸಿ ಗುರುತಿಡುವುದು. ಕೊಯ್ಲಿನಲ್ಲಿ ಅದರ ಕಾಳನ್ನು ಪಕ್ಕದ ಪೈರಿನ ಕಾಳಿನೊಡನೆ ತೂಗಿ ನೋಡುವುದು. ಎಳೆಯದರಲ್ಲಿ ಪೆಟ್ಟು ತಿಂದ ಭತ್ತ ಹೊಸ ಎಲೆ ಬಿಟ್ಟು ಚೇತರಿಸಿಕೊಳ್ಳಬಲ್ಲದು. ತೂತು ಬಿದ್ದ ಎಲೆ ಕಂಡೊಡನೆ ಪಂಪು ಹೆಗಲಿಗೇರಿಸಬೇಕಿಲ್ಲ ಎಂಬುದನ್ನು ರೈತರಿಗೆ ಹೇಳಿದ್ದು ತಕ್ಕಡಿ.

ಶಾಲೆಯ ಅಂಗಳದಲ್ಲೂ ಇದು ಸಾಧ್ಯ. ಎರಡು ಕುಂಡ ಭತ್ತ, ಹಳೆಯ ಸೊಳ್ಳೆಪರದೆಯ ತುಂಡು, ಒಂದು ನೋಟ್‌ಬುಕ್ಕು ಇದ್ದರಾಯಿತು. ಹುಳು ಹುಡುಕಲು ಗದ್ದೆಗೆ ಹೋಗುವ ಮಕ್ಕಳ ಜತೆ ಹಿರಿಯರೂ ಇರಲಿ. ಔಷಧಿ ಹೊಡೆದ ಗದ್ದೆಗೆ ಮಾತ್ರ ಅವರನ್ನು ಇಳಿಸಬೇಡಿ.